ಸೇವಾ ಪ್ರವಾಸದ ಬರಹವನ್ನು ಮೊದಲು ಓದಬೇಕಾದವರು ಯಾರು?

ವಿದ್ಯಾರ್ಥಿಗಳನ್ನು ಸೇವಾ ಪ್ರವಾಸಗಳಿಗೆ ಕಳುಹಿಸುವ ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಮುಖ್ಯಸ್ಥರಿಗೆ, ಪ್ರವಾಸಗಳ ಸಂಯೋಜಕರಿಗೆ, ಹಾಗೂ ಹಿಂದಿರುಗಿದ ವಿದ್ಯಾರ್ಥಿಗಳ ಅನುಭವ ಬರಹಗಳಿಗೆ ಅಂಕ ನೀಡುವ ಅಧ್ಯಾಪಕರಿಗೆ,

ಮಾನ್ಯರೆ,

ಪರಿಚಯವಿಲ್ಲದ ಊರೊಂದಕ್ಕೆ ಹೋಗಿ, ತಮ್ಮ ಭಾಷೆಯಾಡದ ಜನರ ನಡುವೆ ಕೆಲವು ದಿನ ಅಥವಾ ಕೆಲವು ವಾರ ಕೆಲಸ ಮಾಡಿ ಬಂದ ವಿದ್ಯಾರ್ಥಿಗಳಿಂದ ನೀವು ಒಂದು ಬರಹವನ್ನು ಬರೆಸುತ್ತೀರಿ. ಅನುಭವ ಕಥನ, ಆತ್ಮಾವಲೋಕನ, ಚಿಂತನ ವರದಿ ಎಂದು ಅದಕ್ಕೆ ಹೆಸರುಗಳು ಹಲವು. ಇಂಥ ಬರಹಗಳನ್ನು ವರ್ಷಗಳಿಂದ ಓದುತ್ತ, ಅವುಗಳಿಗೆ ಅಂಕ ಹಾಕುತ್ತ ಬಂದವರಲ್ಲಿ ನಾನೂ ಒಬ್ಬಳು. ನನ್ನ ಕೋರಿಕೆ ಒಂದೇ. ಆ ಬರಹದಲ್ಲಿ ಯಾರ ಬದುಕಿನ ಮಾತು ಬಂದಿದೆಯೋ ಅವರು ಅದನ್ನು ಓದುವವರೆಗೆ, ಅಥವಾ ಓದಿಸಿ ಕೇಳುವವರೆಗೆ, ದಯವಿಟ್ಟು ಅದಕ್ಕೆ ಅಂಕ ಕೊಡಬೇಡಿ.

ಈ ಮಾತನ್ನು ಏಕೆ ಹೇಳುತ್ತಿದ್ದೇನೆಂದು ವಿವರಿಸಲು ನೀವು ವಿದ್ಯಾರ್ಥಿಗಳಿಗೆ ಕೊಡುವ ಪ್ರಶ್ನೆಯಿಂದಲೇ ಆರಂಭಿಸಬೇಕು. ಪದಗಳು ಅಲ್ಲಲ್ಲಿ ಬದಲಾದರೂ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಈ ಪ್ರವಾಸ ನಿಮ್ಮನ್ನು ಹೇಗೆ ಬದಲಿಸಿತು? ಕೇಳಿದ್ದು ಬದಲಾವಣೆಯನ್ನಾದ್ದರಿಂದ ಬದಲಾವಣೆಯೇ ಉತ್ತರವಾಗಿ ಬರುತ್ತದೆ. ಹತ್ತು ದಿನ ಗೋಡೆಗೆ ಸುಣ್ಣ ಬಳಿದು ಬಂದ ಹುಡುಗ ತನ್ನ ಜೀವನದೃಷ್ಟಿಯೇ ಬೇರೆಯಾಯಿತೆಂದು ಬರೆಯುತ್ತಾನೆ. ಹಾಗೆ ಬರೆಯದಿದ್ದರೆ ತಾನು ಏನನ್ನೂ ಕಲಿಯಲಿಲ್ಲವೆಂದು ನಾವು ತಿಳಿಯುತ್ತೇವೆಂಬುದು ಅವನಿಗೆ ಗೊತ್ತು, ಮತ್ತು ಅವನ ಲೆಕ್ಕಾಚಾರ ತಪ್ಪೂ ಅಲ್ಲ. ಆ ಹತ್ತು ದಿನಗಳಲ್ಲಿ ಹೆಚ್ಚಿನ ಹೊತ್ತು ಬೇಸರದಲ್ಲೇ ಕಳೆಯಿತು, ಸುಣ್ಣ ಬಳಿಯುವ ಕೆಲಸ ತಮ್ಮಿಂದ ಸರಿಯಾಗಿ ಆಗಲಿಲ್ಲ, ಅಲ್ಲಿನವರು ತಮ್ಮ ಬಗ್ಗೆ ಏನು ಅಂದುಕೊಂಡರೋ ತಿಳಿಯಲಿಲ್ಲ ಎಂದು ಬರೆಯುವ ವಿದ್ಯಾರ್ಥಿ ನಿಜವನ್ನೇ ಬರೆದಿರುತ್ತಾನೆ; ಆದರೆ ನಮ್ಮ ಮೌಲ್ಯಮಾಪನದ ಪಟ್ಟಿಯಲ್ಲಿ ಅವನಿಗೆ ಸಿಗುವ ಅಂಕ ಕಡಿಮೆ. ಪ್ರಾಮಾಣಿಕತೆಯನ್ನು ಬೆಳೆಸಬೇಕಾದ ಬರಹವೇ ಹೀಗೆ ನಟನೆಯನ್ನು ಕಲಿಸುವ ಬರಹವಾಗಿಬಿಟ್ಟಿದೆ.

ಈ ಬರಹಗಳಲ್ಲಿ ಎರಡು ವಾಕ್ಯಗಳು ತಪ್ಪದೆ ಬರುತ್ತವೆ. "ಅವರ ಬಳಿ ಏನೂ ಇಲ್ಲದಿದ್ದರೂ ಎಷ್ಟೊಂದು ಸಂತೋಷವಾಗಿದ್ದಾರೆ" ಎಂಬುದು ಮೊದಲನೆಯದು, "ನಾನು ಕೊಟ್ಟದ್ದಕ್ಕಿಂತ ಪಡೆದದ್ದೇ ಹೆಚ್ಚು" ಎಂಬುದು ಎರಡನೆಯದು. ಮೊದಲನೆಯದು ಕೇಳಲು ಮೆಚ್ಚುಗೆಯಂತಿದೆ. ಆದರೆ ಅತಿಥಿ ಬಂದಾಗ ನಗುವುದು ಜಗತ್ತಿನ ಯಾವ ಊರಿನಲ್ಲೂ ಸಹಜ ಸೌಜನ್ಯ. ಅತಿಥಿ ಮಲಗಿದ ಮೇಲೆ ಆ ಮನೆಯವರು ಸಾಲದ ಬಗ್ಗೆ, ಕಾಯಿಲೆಯ ಬಗ್ಗೆ, ಬಾರದ ಕೂಲಿಯ ಬಗ್ಗೆ ಆಡುವ ಮಾತು ಭಾಷೆ ತಿಳಿಯದವನ ಕಿವಿಗೆ ಬೀಳುವುದೇ ಇಲ್ಲ. ನಗುವನ್ನೇ ಸಂತೃಪ್ತಿಯೆಂದು ದಾಖಲಿಸಿದರೆ, ಆ ಜನರಿಗೆ ಏನೂ ಬೇಕಾಗಿಲ್ಲವೆಂದು ತೀರ್ಮಾನಿಸಿದ ಹಾಗಾಗುತ್ತದೆ. ಬಡತನಕ್ಕೆ ಕಾರಣವೇನೆಂದು ಕೇಳುವ ಕಷ್ಟವೂ ಅಲ್ಲಿಗೇ ತಪ್ಪುತ್ತದೆ. ಎರಡನೆಯ ವಾಕ್ಯದ ಬಗ್ಗೆ ನನ್ನ ಆಕ್ಷೇಪ ಬೇರೆ. ಬಹುತೇಕ ಸಂದರ್ಭಗಳಲ್ಲಿ ಅದು ಅಕ್ಷರಶಃ ನಿಜ. ಆದರೆ ಸಹಾಯ ಮಾಡಲು ಹೋದವರೇ ಹೆಚ್ಚು ಪಡೆದು ಬಂದರೆ ಕೊಟ್ಟವರು ಯಾರು, ಅವರ ಎಷ್ಟು ಹೊತ್ತು ಇದಕ್ಕೆ ಹೋಯಿತು, ಅದರ ಋಣ ತೀರಿಸುವ ಬಗೆ ಏನು ಎಂಬ ಪ್ರಶ್ನೆಗಳು ಅಲ್ಲಿಂದಲೇ ಹುಟ್ಟಬೇಕು. ನಾನು ಓದಿರುವ ಬರಹಗಳಲ್ಲಿ ಬಹುಪಾಲು ಆ ವಾಕ್ಯದ ಬಳಿಯೇ ಮುಗಿಯುತ್ತವೆ.

ಇನ್ನೊಂದು ಸಾಲಿನ ಬಗ್ಗೆ ಸ್ವಲ್ಪ ದೀರ್ಘವಾಗಿಯೇ ಬರೆಯಬೇಕಾಗಿದೆ, ಏಕೆಂದರೆ ಅದು ಬರಹದ ಗುಣಮಟ್ಟದ ಪ್ರಶ್ನೆಯಷ್ಟೇ ಅಲ್ಲ. ಅನಾಥಾಲಯಗಳಲ್ಲಿ ಸೇವೆ ಮಾಡಿ ಬಂದ ವಿದ್ಯಾರ್ಥಿಗಳು "ನಾವು ಒಳಗೆ ಕಾಲಿಟ್ಟ ಕೂಡಲೇ ಮಕ್ಕಳು ಓಡಿಬಂದು ನಮ್ಮನ್ನು ಅಪ್ಪಿಕೊಂಡರು" ಎಂದು ಬರೆಯುತ್ತಾರೆ. ಅದು ಅವರ ಪಾಲಿಗೆ ಪ್ರವಾಸದ ಅತ್ಯಂತ ಮಧುರ ಗಳಿಗೆ. ಮಕ್ಕಳ ಮನಸ್ಸನ್ನು ಅಭ್ಯಾಸ ಮಾಡಿದವರಿಗೆ ಅದೇ ಗಳಿಗೆ ಆತಂಕದ ಸೂಚನೆ. ಬ್ರಿಟಿಷ್ ಮನೋವೈದ್ಯ ಜಾನ್ ಬೋಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಸಲ್ಲಿಸಿದ ವರದಿಯಿಂದ ಮೊದಲ್ಗೊಂಡು, ಎಳೆಯ ಮಗುವಿಗೆ ಬದಲಾಗದ ಕೆಲವೇ ಜನರ ನಿರಂತರ ಆರೈಕೆ ಎಷ್ಟು ಮುಖ್ಯವೆಂಬುದು ಮತ್ತೆ ಮತ್ತೆ ಸ್ಪಷ್ಟವಾಗಿದೆ. 1970ರ ದಶಕದಲ್ಲಿ ಬ್ರಿಟಿಷ್ ಮನಶ್ಶಾಸ್ತ್ರಜ್ಞೆ ಬಾರ್ಬರಾ ಟಿಜಾರ್ಡ್ ಮತ್ತು ಅವರ ಸಹೋದ್ಯೋಗಿಗಳು ಶಿಶುಪಾಲನಾ ಸಂಸ್ಥೆಗಳಲ್ಲಿ ಬೆಳೆದ ಮಕ್ಕಳನ್ನು ಗಮನಿಸಿದಾಗ, ಊಟ, ಆಟಿಕೆ, ಪುಸ್ತಕಗಳಿಗೆ ಕೊರತೆಯಿಲ್ಲದಿದ್ದರೂ ನೋಡಿಕೊಳ್ಳುವ ಕೈಗಳು ಮೇಲಿಂದ ಮೇಲೆ ಬದಲಾದ ಕಡೆ, ಕೆಲವು ಮಕ್ಕಳು ಅಪರಿಚಿತರೊಂದಿಗೂ ಅತಿಯಾದ ಸಲುಗೆ ತೋರುತ್ತಿದ್ದುದು ಕಂಡುಬಂತು. ತನ್ನವರು ಯಾರೆಂಬ ಭರವಸೆಯಿರುವ ಮಗು ಅಪರಿಚಿತನನ್ನು ಕಂಡರೆ ಸಾಮಾನ್ಯವಾಗಿ ಹಿಂಜರಿಯುತ್ತದೆ. ಮೊದಲ ನಿಮಿಷದಲ್ಲೇ ಕುತ್ತಿಗೆಗೆ ಜೋತುಬೀಳುವ ಮಗು, ಹಿಂದೆ ಬಂದು ಹೋದ ತಂಡಗಳ ಗುರುತನ್ನು ಹೊತ್ತಿರಬಹುದು. ವಿದ್ಯಾರ್ಥಿ ಬೀಳ್ಕೊಡುವಾಗ ಅಳುತ್ತಾನೆ, ಅದನ್ನು ಬರೆಯುತ್ತಾನೆ, ನಾವು ಅದನ್ನು ಓದಿ ಮನ ಕರಗಿ ಅಂಕ ಕೊಡುತ್ತೇವೆ; ಮುಂದಿನ ತಿಂಗಳು ಇನ್ನೊಂದು ತಂಡ ಅಲ್ಲಿಗೆ ಹೊರಡುತ್ತದೆ.

ಇದು ಮನಶ್ಶಾಸ್ತ್ರಕ್ಕೆ ಮಾತ್ರ ಸೇರಿದ ವಿಷಯವೂ ಅಲ್ಲ. ಕಾಂಬೋಡಿಯಾದಲ್ಲಿ 2005ರಿಂದ 2010ರವರೆಗಿನ ಐದು ವರ್ಷಗಳಲ್ಲಿ ಮಕ್ಕಳ ವಸತಿ ಸಂಸ್ಥೆಗಳ ಸಂಖ್ಯೆ ಶೇ. 75ರಷ್ಟು ಏರಿತು, ಆದರೆ ಅಲ್ಲಿದ್ದ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಜೀವಂತವಾಗಿದ್ದರು. ವಿದೇಶಿ ದಾನಿಗಳು, ಪ್ರವಾಸಿಗಳು ಮತ್ತು ಸ್ವಯಂಸೇವಕರು ತರುವ ಹಣ ಈ ಏರಿಕೆಗೆ ಒಂದು ಮುಖ್ಯ ಕಾರಣವಾಗಿತ್ತು. ನೋಡಲು ಬರುವವರಿದ್ದಾರೆಂದು ಮಕ್ಕಳನ್ನು ಮನೆಗಳಿಂದ ಕರೆತಂದು ಕೂಡಿಸಿದ ಕಡೆಗಳಲ್ಲಿ ಅನಾಥತ್ವವನ್ನು ಉಂಟುಮಾಡಿದ್ದೇ ಸೇವೆ ಎಂದಾಯಿತು. 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಮಕ್ಕಳ ಹಕ್ಕುಗಳ ಬಗ್ಗೆ ಅಂಗೀಕರಿಸಿದ ನಿರ್ಣಯ ಅನಾಥಾಲಯಗಳಲ್ಲಿನ ಸ್ವಯಂಸೇವಾ ಕಾರ್ಯಕ್ರಮಗಳ ಅಪಾಯವನ್ನು, ಅವು ಮಕ್ಕಳ ಸಾಗಾಟ ಮತ್ತು ಶೋಷಣೆಗೆ ದಾರಿ ಮಾಡಬಹುದೆಂಬುದನ್ನು ನೇರವಾಗಿಯೇ ಹೇಳಿತು. ಇಷ್ಟಾದ ಮೇಲೂ ಇಂಥ ಪ್ರವಾಸಗಳನ್ನು ಏರ್ಪಡಿಸುವ ಸಂಸ್ಥೆಗಳಿಗೆ ನನ್ನ ಸಲಹೆ ಪ್ರಶ್ನೆಪತ್ರಿಕೆಯನ್ನು ಬದಲಿಸಿರೆಂದಲ್ಲ, ಆ ಪ್ರವಾಸವನ್ನೇ ನಿಲ್ಲಿಸಿರೆಂದು.

ಉಳಿದ ಪ್ರವಾಸಗಳ ವಿಷಯಕ್ಕೆ ಬರುತ್ತೇನೆ. ಹೋದವರ ಉದ್ದೇಶವೊಂದು, ಊರಿನವರ ಅಗತ್ಯ ಇನ್ನೊಂದು ಆಗುವ ತೊಡಕು ಇಂದು ನಿನ್ನೆಯದಲ್ಲ. ಮೊದಲನೆಯ ಮಹಾಯುದ್ಧದ ನಂತರ, 1920ರಲ್ಲಿ, ಸ್ವಿಟ್ಜರ್ಲೆಂಡಿನ ಶಾಂತಿವಾದಿ ಪಿಯರ್ ಸೆರೆಸೋಲ್ ಬೇರೆ ಬೇರೆ ದೇಶಗಳ ಸ್ವಯಂಸೇವಕರನ್ನು ಕಟ್ಟಿಕೊಂಡು, ವರ್ದೂನ್ ಕದನದಲ್ಲಿ ನೆಲಸಮವಾಗಿದ್ದ ಎನ್ ಎಂಬ ಫ್ರೆಂಚ್ ಹಳ್ಳಿಯನ್ನು ಮತ್ತೆ ಕಟ್ಟಲು ಹೊರಟರು. ಇಂದಿನ ಅಂತರರಾಷ್ಟ್ರೀಯ ಸೇವಾ ಶಿಬಿರಗಳ ಪರಂಪರೆ ಆರಂಭವಾದದ್ದು ಅಲ್ಲಿಂದಲೇ. ತಂಡದಲ್ಲಿ ಜರ್ಮನರೂ ಇದ್ದರು, ಇರಬೇಕೆಂಬುದೇ ಸೆರೆಸೋಲರ ಆಶಯವೂ ಆಗಿತ್ತು, ಏಕೆಂದರೆ ಅವರಿಗೆ ಬೇಕಾಗಿದ್ದುದು ವೈರಿಗಳ ನಡುವೆ ಸಾಮರಸ್ಯ. ಊರಿಗೆ ಬೇಕಾಗಿದ್ದುದು ಸೂರು ಮತ್ತು ಉಳುವ ನೆಲ. ಜರ್ಮನರ ಇರುವಿಕೆಗೆ ಅಲ್ಲಿ ವಿರೋಧ ಬೆಳೆದು, ಕೆಲವೇ ತಿಂಗಳಲ್ಲಿ, 1921ರಲ್ಲಿ, ತಂಡ ಕೆಲಸ ನಿಲ್ಲಿಸಿ ಹೊರಡಬೇಕಾಯಿತು. ಸೆರೆಸೋಲರ ಆದರ್ಶ ಉದಾತ್ತವಾದದ್ದೇ. ಅವರು ಕಟ್ಟಿದ ಸಂಘಟನೆ ಇಂದಿಗೂ ಇದೆ, 1934ರ ಭೂಕಂಪದ ನಂತರ ಅವರು ಬಿಹಾರಕ್ಕೂ ಬಂದು ದುಡಿದರು. ಆದರೂ, ಮಕ್ಕಳನ್ನು ಯುದ್ಧದಲ್ಲಿ ಕಳೆದುಕೊಂಡ ಊರೊಂದು ಅಷ್ಟು ಬೇಗ ಸಾಮರಸ್ಯವನ್ನು ಒಪ್ಪಿಕೊಳ್ಳಬೇಕೆಂದು ಹೊರಗಿನವರು ನಿರೀಕ್ಷಿಸುವುದು ಎಷ್ಟು ಸರಿ ಎಂಬ ಪ್ರಶ್ನೆಗೆ ನನಗೆ ಸುಲಭದ ಉತ್ತರ ಹೊಳೆಯುವುದಿಲ್ಲ. ಇಂಥ ಪ್ರಶ್ನೆಯ ಮುಂದೆ ವಿದ್ಯಾರ್ಥಿಯನ್ನು ತಂದು ನಿಲ್ಲಿಸುವ ಬರಹವೇ ನಿಜವಾದ ಅವಲೋಕನ ಎಂದು ಮಾತ್ರ ಹೇಳಬಲ್ಲೆ.

1968ರ ಏಪ್ರಿಲ್ 20ರಂದು ಮೆಕ್ಸಿಕೋದ ಕ್ವೆರ್ನವಾಕಾದಲ್ಲಿ ಚಿಂತಕ ಇವಾನ್ ಇಲಿಚ್ ಅಮೆರಿಕದ ವಿದ್ಯಾರ್ಥಿ ಸ್ವಯಂಸೇವಕರ ಸಭೆಯೊಂದರಲ್ಲಿ ಮಾತನಾಡಿದರು. ಮೆಕ್ಸಿಕೋದ ಹಳ್ಳಿಗಳಿಗೆ ಬೇಸಿಗೆ ಸೇವೆಗೆಂದು ಬರುವುದನ್ನು ನಿಲ್ಲಿಸಿರೆಂದು ಆತಿಥೇಯ ನೆಲದಲ್ಲೇ ನಿಂತು ಅವರನ್ನು ಕೇಳಿಕೊಂಡರು. ಆ ಭಾಷಣದ ಒರಟುತನ ಎಲ್ಲರಿಗೂ ನೆನಪಿದೆ; ಅದರೊಳಗಿನ ಸೂಕ್ಷ್ಮ ವಾದವನ್ನು ನೆನೆಯುವವರು ಕಡಿಮೆ. ಊರಿನ ಭಾಷೆ ತಿಳಿಯದವನಿಗೆ ಆ ಊರಿನವರು ತನ್ನ ಬಗ್ಗೆ ಏನು ಯೋಚಿಸುತ್ತಿದ್ದಾರೆಂಬುದೂ ತಿಳಿಯದು, ಆದ್ದರಿಂದ ಸೇವೆ ಮಾಡಲೇಬೇಕೆಂದಿದ್ದರೆ ನಿಮ್ಮನ್ನು ಮುಖಕ್ಕೆ ಮುಖ ಕೊಟ್ಟು ಬೈದು ಕಳುಹಿಸಬಲ್ಲವರ ನಡುವೆ ಮಾಡಿ ಎಂಬುದು ಆ ವಾದದ ಸಾರ. ಎಲ್ಲ ಪ್ರವಾಸಗಳನ್ನೂ ನಿಲ್ಲಿಸಬೇಕೆಂಬ ಅವರ ತೀರ್ಮಾನಕ್ಕೆ ನನ್ನ ಸಹಮತವಿಲ್ಲ. ಇಪ್ಪತ್ತರ ಹರೆಯದಲ್ಲಿ ಮತ್ತೊಂದು ಬಗೆಯ ಬದುಕನ್ನು ಹತ್ತಿರದಿಂದ ಕಾಣುವ ಅವಕಾಶ ದೊಡ್ಡದು. ಅದನ್ನು ಕಸಿದುಕೊಂಡರೆ ಪರಸ್ಪರ ಅಜ್ಞಾನ ಇನ್ನಷ್ಟು ಬೆಳೆದೀತು. ಆದರೆ ಬೈಯುವ ಸ್ವಾತಂತ್ರ್ಯ ಆತಿಥೇಯರಿಗೆ ಇರಬೇಕೆಂಬ ಅವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ನನ್ನ ಕೋರಿಕೆ ಹುಟ್ಟಿದ್ದೂ ಅಲ್ಲಿಂದಲೇ. ಇಲಿಚ್ ಭಾಷಣದ ಹನ್ನೊಂದು ವರ್ಷಗಳ ಬಳಿಕ, 1979ರಲ್ಲಿ, ಅಮೆರಿಕದ ಶಿಕ್ಷಣತಜ್ಞ ರಾಬರ್ಟ್ ಸಿಗ್ಮನ್ ಸೇವೆ ಮತ್ತು ಕಲಿಕೆಯನ್ನು ಜೋಡಿಸುವ ಕಾರ್ಯಕ್ರಮಗಳಿಗೆ ಮೂರು ತತ್ತ್ವಗಳನ್ನು ಮುಂದಿಟ್ಟರು. ಅವುಗಳಲ್ಲಿ ಮೊದಲನೆಯದೇ, ಯಾವ ಸೇವೆ ಬೇಕೆಂಬುದರ ಮೇಲೆ ಹಿಡಿತ ಸೇವೆ ಪಡೆಯುವವರದ್ದಾಗಿರಬೇಕು ಎಂಬುದು. ನಿಮ್ಮ ಕೈಪಿಡಿಗಳಲ್ಲಿ ಇದೇ ಅರ್ಥದ ವಾಕ್ಯಗಳು ಇದ್ದೇ ಇರುತ್ತವೆ. ಸೇವೆಯ ಮೇಲೆ ಅವರಿಗೆ ಹಿಡಿತವಿರಬೇಕಾದರೆ ಆ ಸೇವೆಯ ಕಥೆಯ ಮೇಲೆ ಮಾತ್ರ ಏಕಿರಬಾರದು?

ವಿದ್ಯಾರ್ಥಿಯ ಮಾತನ್ನಷ್ಟೇ ನಂಬಿ ಪ್ರವಾಸದ ಫಲವನ್ನು ಅಳೆಯುವುದು, ಊಟದ ರುಚಿ ಹೇಗಿತ್ತೆಂದು ಉಂಡವರನ್ನು ಬಿಟ್ಟು ಬಡಿಸಿದವರನ್ನು ಕೇಳಿದ ಹಾಗೆ. ಇದಕ್ಕೊಂದು ಪರೀಕ್ಷೆಯೂ ನಡೆದಿದೆ. 1998ರ ಮಿಚ್ ಚಂಡಮಾರುತ ಹೊಂಡುರಾಸನ್ನು ಧ್ವಂಸ ಮಾಡಿದ ನಂತರ ಉತ್ತರ ಅಮೆರಿಕದಿಂದ ಬಂದ ಅಲ್ಪಾವಧಿ ತಂಡಗಳು ಅಲ್ಲಿ ಮನೆಗಳನ್ನು ಕಟ್ಟಿಕೊಟ್ಟವು. ಸ್ಥಳೀಯ ಸಂಸ್ಥೆಗಳೂ ಕಟ್ಟಿದವು. ಸಮಾಜಶಾಸ್ತ್ರಜ್ಞ ಕರ್ಟ್ ವೆರ್ ಬೀಕ್ ಎರಡೂ ಬಗೆಯ ಮನೆಗಳಲ್ಲಿರುವ ಕುಟುಂಬಗಳನ್ನು ಭೇಟಿಯಾಗಿ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಕಟ್ಟಿದವರು ಯಾರೆಂಬುದರಿಂದ ಆ ಕುಟುಂಬಗಳ ಬದುಕಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಾಗಿರಲಿಲ್ಲ, ಆದರೆ ತಂಡವೊಂದರ ಪ್ರಯಾಣಕ್ಕೆ ತಗುಲಿದ ಹಣ ಒಂದು ಮನೆಯ ವೆಚ್ಚದ ಅನೇಕ ಪಟ್ಟು ಇತ್ತು. ಹೋಗಿಬಂದವರಲ್ಲಿ ಹಲವರು ತಮ್ಮಲ್ಲಿ ಒಳ್ಳೆಯ ಬದಲಾವಣೆ ಆಗಿದೆಯೆಂದು ಹೇಳಿಕೊಂಡರೂ, ನಂತರದ ಅವರ ದೇಣಿಗೆಯ ದಾಖಲೆಗಳು ಅದಕ್ಕೆ ತಕ್ಕ ಸಾಕ್ಷಿ ನುಡಿಯಲಿಲ್ಲ. ಆ ಜನ ಸುಳ್ಳು ಹೇಳಿದರೆಂದು ನನಗನಿಸುವುದಿಲ್ಲ. ಮನೆಗೆ ಮರಳಿದ ವಾರದಲ್ಲಿ ಮನಸ್ಸು ತುಂಬಿರುತ್ತದೆ, ಮತ್ತು ನಾವು ಬರಹವನ್ನು ಕೇಳುವುದೂ ಸರಿಯಾಗಿ ಅದೇ ವಾರದಲ್ಲಿ.

ಈಗ ಕೋರಿಕೆಯ ವಿವರಕ್ಕೆ ಬರುತ್ತೇನೆ. ವಿದ್ಯಾರ್ಥಿಗಳು ಬರೆದುದನ್ನು ಆತಿಥೇಯರ ಭಾಷೆಗೆ ತರಿಸಿ, ಅಲ್ಲಿಗೆ ಕಳುಹಿಸಿ, ಓದಲು ಬಾರದವರಿದ್ದರೆ ಓದಿ ಹೇಳುವ ವ್ಯವಸ್ಥೆ ಮಾಡಿ, ಅವರು ಹೇಳಿದ್ದನ್ನು ವಿದ್ಯಾರ್ಥಿಗೆ ತಲುಪಿಸಿ, ಆಮೇಲೆ ವಿದ್ಯಾರ್ಥಿ ಮರಳಿ ಬರೆಯುವುದನ್ನು ಮೌಲ್ಯಮಾಪನ ಮಾಡಬೇಕು. ಹಾಗೆ ಮಾಡಿದರೆ ಮೊದಲ ಪರಿಣಾಮ ಬರೆಯುವ ಕೈಯ ಮೇಲೆಯೇ ಆಗುತ್ತದೆ. ತನ್ನನ್ನು ಮನೆಯಲ್ಲಿಟ್ಟುಕೊಂಡ ಹೆಂಗಸು ಈ ಪುಟವನ್ನು ಓದುತ್ತಾಳೆಂದು ಗೊತ್ತಿದ್ದವನು "ಅವರ ಬಳಿ ಏನೂ ಇಲ್ಲ" ಎಂದು ಬರೆಯುವ ಮೊದಲು ಒಂದು ಕ್ಷಣವಾದರೂ ತಡೆಯುತ್ತಾನೆ. ಅವಳ ಹೆಸರು, ಅವಳ ದುಡಿಮೆ, ಅವಳು ಹೇಳಿದ ಮಾತು, ತನಗೆ ಅರ್ಥವಾಗದೆ ಉಳಿದ ಅವಳ ಸಿಟ್ಟು ನೆನಪಾಗುತ್ತವೆ. ಹೆಸರನ್ನು ಬರೆಯಲು ಅವಳ ಒಪ್ಪಿಗೆ ಬೇಕೆಂಬುದೂ ನೆನಪಾಗುತ್ತದೆ.

ಇದಕ್ಕೆ ಬರಬಹುದಾದ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಒಂದಿದೆ: ಆತಿಥೇಯರು ಸತ್ಯ ಹೇಳುವುದಿಲ್ಲ. ಬಂದವರ ಜೊತೆ ಹಣವೋ ಔಷಧಿಯೋ ಶಾಲೆಯ ಕಟ್ಟಡವೋ ಬರುತ್ತಿರುವಾಗ ಮುಂದಿನ ವರ್ಷವೂ ಅದು ಬರಲೆಂಬ ಆಸೆಯಿಂದ ಅವರು ಹೊಗಳುತ್ತಾರೆ, ಹೊಗಳುವುದು ಅವರ ಮಟ್ಟಿಗೆ ವಿವೇಕವೂ ಹೌದು. ಈ ಆಕ್ಷೇಪ ನಿಜವಾದ್ದರಿಂದಲೇ ಕೇಳುವ ಕ್ರಮವನ್ನು ಜಾಗ್ರತೆಯಿಂದ ರೂಪಿಸಬೇಕಾಗುತ್ತದೆ. ಮುಂದಿನ ವರ್ಷದ ನೆರವಿನ ತೀರ್ಮಾನವಾಗಿ, ಅದು ಊರಿಗೆ ತಿಳಿದ ಮೇಲಷ್ಟೇ ಅಭಿಪ್ರಾಯ ಕೇಳಬೇಕು. ಕೇಳುವವರು ನಿಮ್ಮ ಸಂಯೋಜಕರಾಗಿರಬಾರದು. "ವಿದ್ಯಾರ್ಥಿಗಳು ಹೇಗಿದ್ದರು" ಎಂದು ಕೇಳಿದರೆ "ಒಳ್ಳೆಯವರು" ಎಂಬ ಉತ್ತರವೇ ಬರುತ್ತದೆ. ಅದರ ಬದಲು, ಇವರನ್ನು ನೋಡಿಕೊಳ್ಳಲು ನಿಮ್ಮ ಯಾವ ಕೆಲಸವನ್ನು ಬಿಡಬೇಕಾಯಿತು, ಇವರು ಮಾಡಿದ ಯಾವ ಕೆಲಸವನ್ನು ನೀವು ಮತ್ತೆ ಮಾಡಬೇಕಾಯಿತು, ಇವರು ಬರದೆ ಇವರ ಪ್ರಯಾಣದ ಹಣವಷ್ಟೇ ಬಂದಿದ್ದರೆ ಅದನ್ನು ಯಾವುದಕ್ಕೆ ಬಳಸುತ್ತಿದ್ದಿರಿ ಎಂದು ಕೇಳಬೇಕು. ಕೊನೆಯ ಪ್ರಶ್ನೆಯನ್ನು ಕೇಳಲು ನಮ್ಮಲ್ಲಿ ಅನೇಕರಿಗೆ ಧೈರ್ಯ ಸಾಲದೆಂದು ನನ್ನ ಗುಮಾನಿ.

ಆತಿಥೇಯರಿಗೆ ಇದೂ ಒಂದು ಹೊರೆಯಲ್ಲವೇ ಎಂದು ಕೇಳಬಹುದು. ಹೌದು. ಆದ್ದರಿಂದ ಅವರ ಹೊತ್ತಿಗೆ ಸಂಭಾವನೆ ಕೊಡಿ. ಮೌಲ್ಯಮಾಪಕರಾದ ನಮಗೆ ಕೊಡುತ್ತೀರಲ್ಲ. ಓದಲು ಇಷ್ಟವಿಲ್ಲವೆಂದು ಅವರು ಹೇಳಿದರೆ ಅದನ್ನೂ ಉತ್ತರವೆಂದೇ ಸ್ವೀಕರಿಸಿ, ಹಾಗೇಕೆ ಅಂದಿರಬಹುದೆಂದು ವಿದ್ಯಾರ್ಥಿ ಯೋಚಿಸಿ ಬರೆಯಲಿ. ಇನ್ನು ವಿದ್ಯಾರ್ಥಿಯ ಕಡೆಯಿಂದ ನೋಡಿದರೆ, ತನ್ನ ಭಯ, ಅಸಹ್ಯ, ನಾಚಿಕೆಗಳನ್ನು ಬರೆದುಕೊಳ್ಳಲು ಅವನಿಗೂ ಒಂದು ಜಾಗ ಬೇಕು, ಮತ್ತು ಅದು ಯಾರೂ ಓದದ ಜಾಗವಾಗಿರಬೇಕು. ಪ್ರವಾಸಕ್ಕೆ ಹೊರಡುವ ಮೊದಲೇ ಆರಂಭವಾಗುವ ಖಾಸಗಿ ದಿನಚರಿ ಅದಕ್ಕೆ ಸಾಕು. ಅದನ್ನು ನಾವೂ ಕೇಳಬಾರದು, ಊರಿಗೂ ಕಳುಹಿಸಬಾರದು. ಅಂತರಂಗದ ದಿನಚರಿ ಮತ್ತು ಊರಿಗೆ ಸಲ್ಲಬೇಕಾದ ಲೆಕ್ಕ ಇವೆರಡನ್ನೂ ಒಂದೇ ಬರಹಕ್ಕೆ ತುರುಕಿರುವುದರಿಂದಲೇ ಈಗಿನ ಬರಹ ಎರಡೂ ಆಗದೆ ಉಳಿದಿದೆ.

ಚಿತ್ರಗಳ ವಿಷಯವನ್ನು ಬಹಳ ಚರ್ಚಿಸಬೇಕಿಲ್ಲ, ಏಕೆಂದರೆ ಅದರಲ್ಲಿ ವಿದ್ಯಾರ್ಥಿಗಳೇ ನಮಗಿಂತ ಮುಂದಿದ್ದಾರೆ. ನಾರ್ವೆಯ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು ನಡೆಸುವ ನೆರವು ಸಂಸ್ಥೆಯೊಂದು, ಚಳಿಯಲ್ಲಿ ನಡುಗುವ ನಾರ್ವೆಯವರಿಗಾಗಿ ಆಫ್ರಿಕಾದವರು ಕೋಣೆ ಬೆಚ್ಚಗಾಗಿಸುವ ರೇಡಿಯೇಟರ್‌ಗಳನ್ನು ಕೂಡಿಸಿ ಕಳುಹಿಸುವಂತೆ 2012ರಲ್ಲಿ ಅಣಕು ವಿಡಿಯೊ ಮಾಡಿ, ನೆರವಿನ ಜಾಹೀರಾತುಗಳ ಕರುಣಾರಸವನ್ನು ಗೇಲಿ ಮಾಡಿತು. ಅದೇ ಸಂಸ್ಥೆ 2017ರಲ್ಲಿ ಸ್ವಯಂಸೇವಕರಿಗಾಗಿ ಚಿತ್ರ ಮತ್ತು ಬರಹಗಳ ಬಗ್ಗೆ ಮಾರ್ಗದರ್ಶಿಯನ್ನೂ ಹೊರತಂದಿತು. ನಿಮ್ಮ ಸಂಸ್ಥೆಗಳ ಪ್ರಚಾರಪತ್ರಗಳ ಮುಖಪುಟದಲ್ಲಿ ಇನ್ನೂ ಅಪರಿಚಿತ ಮಗುವನ್ನು ಎತ್ತಿಕೊಂಡ ವಿದ್ಯಾರ್ಥಿಯ ಚಿತ್ರವಿದ್ದರೆ, ಆ ಮಾರ್ಗದರ್ಶಿಯನ್ನು ಮೊದಲು ಓದಬೇಕಾದವರು ವಿದ್ಯಾರ್ಥಿಗಳಲ್ಲ.

ಕೊನೆಗೆ ಕಾಲದ ಪ್ರಶ್ನೆ. ಆತಿಥೇಯರ ಉತ್ತರ ಬರಲು ತಿಂಗಳುಗಳೇ ಹಿಡಿಯಬಹುದು, ಅಷ್ಟರಲ್ಲಿ ಅರ್ಧವಾರ್ಷಿಕ ಫಲಿತಾಂಶದ ಗಡುವು ಮುಗಿದಿರುತ್ತದೆ ಎಂದು ನಿಮ್ಮ ಪರೀಕ್ಷಾ ವಿಭಾಗದವರು ಹೇಳುವುದು ಖಚಿತ. ಹಾಗಿದ್ದರೆ ಅಂಕವನ್ನು ಮುಂದಿನ ಅವಧಿಗೆ ಸರಿಸಿ, ಅಥವಾ ಈ ಬರಹವನ್ನು ಅಂಕದಿಂದಲೇ ಹೊರಗಿಟ್ಟು ಪೂರ್ಣಗೊಂಡಿದೆ, ಪೂರ್ಣಗೊಂಡಿಲ್ಲ ಎಂದಷ್ಟೇ ನಮೂದಿಸಿ. ನನಗೆ ಎರಡನೆಯದೇ ಹೆಚ್ಚು ಒಪ್ಪಿಗೆ. ಮುಂದಿನ ತಂಡ ಹೊರಡುವ ಮುನ್ನ ಆತಿಥೇಯ ಸಮುದಾಯಗಳೊಂದಿಗೆ ನೀವು ಮಾಡಿಕೊಳ್ಳುವ ಒಪ್ಪಂದದಲ್ಲಿ ಈ ಓದಿನ ವ್ಯವಸ್ಥೆ, ಅದರ ಅನುವಾದದ ವೆಚ್ಚ ಮತ್ತು ಓದುವವರ ಸಂಭಾವನೆ ಸೇರಬೇಕೆಂದು ಕೋರುತ್ತೇನೆ. ಒಪ್ಪಂದವೇ ಇಲ್ಲದೆ ತಂಡಗಳು ಹೋಗಿಬರುತ್ತಿರುವ ಕಡೆಗಳಲ್ಲಿ ಮೊದಲು ಅದನ್ನು ಮಾಡಿಕೊಳ್ಳಿ. ಒಪ್ಪದಿದ್ದರೆ, ಏಕೆ ಒಪ್ಪುವುದಿಲ್ಲವೆಂಬುದನ್ನು ನನ್ನ ಹಾಗೆಯೇ ಬಹಿರಂಗವಾಗಿ ತಿಳಿಸಿ.

ಇಂತಿ,
ಈ ಬರಹಗಳ ಮೌಲ್ಯಮಾಪಕರಲ್ಲಿ ಒಬ್ಬಳು